ಸಾಲ್ಟ್ ಲೇಕ್ ಸಿಟಿಯ ಟೆಂಪಲ್ ಸ್ಕ್ವೇರ್ ಪ್ರವಾಸ: ಕಟ್ಟಡಗಳಿಗಿಂತ ಅವನ್ನು ತೋರಿಸುವವರು ಮುಖ್ಯ

ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನ ನೋಡಲು ಹೊರಡುವ ಅನೇಕ ಕನ್ನಡಿಗ ಕುಟುಂಬಗಳು ವಿಮಾನದಿಂದ ಇಳಿಯುವುದು ಯೂಟಾ ರಾಜ್ಯದ ರಾಜಧಾನಿಯಾದ ಸಾಲ್ಟ್ ಲೇಕ್ ಸಿಟಿಯಲ್ಲಿ. ಬಾಡಿಗೆ ಕಾರು ಪಡೆದು ಉತ್ತರಕ್ಕೆ ಹೊರಡುವ ಮುನ್ನ ಅರ್ಧ ದಿನ ಕೈಯಲ್ಲಿ ಉಳಿದರೆ ಏನು ನೋಡಬಹುದು ಎಂದು ಯಾರನ್ನು ಕೇಳಿದರೂ ಮೊದಲು ಬರುವ ಹೆಸರು ಟೆಂಪಲ್ ಸ್ಕ್ವೇರ್. ಜನರ ರೂಢಿಯಲ್ಲಿ ಮಾರ್ಮನ್ ಎಂದು ಹೆಸರಾಗಿರುವ ಲ್ಯಾಟರ್-ಡೇ ಸೇಂಟ್ಸ್ ಚರ್ಚಿನ ಕೇಂದ್ರಸ್ಥಾನವಾದ ಈ 10 ಎಕರೆಯ ಆವರಣ ಊರಿನ ನಡುಮಧ್ಯದಲ್ಲಿದೆ. ಊರಿನ ಬೀದಿಗಳ ಅಂಕೆಗಳು ಕೂಡ ಇಲ್ಲಿಂದಲೇ ಎಣಿಕೆಯಾಗುತ್ತವೆ. ಚರ್ಚು ಇಲ್ಲಿ ಉಚಿತವಾಗಿ ನಡೆಸುವ ಮಾರ್ಗದರ್ಶಿ ಪ್ರವಾಸವನ್ನು ಮೈಸೂರಿನಿಂದ ಬಂದಿದ್ದ ಅಮ್ಮನೊಂದಿಗೆ ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಕಟ್ಟಡಗಳ ಚಿತ್ರ ತೆಗೆದುಕೊಂಡು ಅರ್ಧ ಗಂಟೆಯಲ್ಲಿ ಹೊರಬೀಳುವವರು ಈ ಸೇವೆಯ ಅತ್ಯಂತ ಬೆಲೆಯುಳ್ಳ ಭಾಗವನ್ನೇ ಬಿಟ್ಟು ಹೋಗುತ್ತಾರೆ ಎಂಬುದು ನನ್ನ ಅಭಿಪ್ರಾಯ. ಆ ಭಾಗವೆಂದರೆ ದಾರಿ ತೋರಿಸುವ ಹುಡುಗಿಯರು.

ಸೇವೆಯ ವ್ಯವಸ್ಥೆ ಸರಳವಾಗಿದೆ. ಟಿಕೆಟ್ ಇಲ್ಲ, ಭಕ್ಷೀಸು ನಿರೀಕ್ಷಿಸುವವರಿಲ್ಲ. ಒಳಗೆ ಕಾಲಿಟ್ಟ ಸ್ವಲ್ಪ ಹೊತ್ತಿನಲ್ಲೇ ಇಬ್ಬರು ಯುವತಿಯರು ಬಂದು ಎಲ್ಲಿಂದ ಬಂದಿರಿ ಎಂದು ವಿಚಾರಿಸುತ್ತಾರೆ. ನಿಮಗೆ ಒಪ್ಪಿಗೆಯಿದ್ದರೆ ಜೊತೆಗೆ ನಡೆಯುತ್ತಾರೆ. ಎದೆಯ ಮೇಲೆ ಕಪ್ಪು ಬಿಲ್ಲೆ, ಅದರಲ್ಲಿ ಬಿಳಿಯ ಅಕ್ಷರಗಳಲ್ಲಿ 'ಸಿಸ್ಟರ್' ಎಂಬ ಪದ ಮತ್ತು ಮನೆತನದ ಹೆಸರು, ಅದರ ಜೊತೆಗೆ ಅವರವರ ದೇಶದ ಪುಟ್ಟ ಬಾವುಟ. ಇವರು ಸಂಬಳದ ಗೈಡುಗಳಲ್ಲ. ಚರ್ಚು ಜಗತ್ತಿನಾದ್ಯಂತ ಕಳುಹಿಸುವ 80,000ಕ್ಕೂ ಹೆಚ್ಚು ಪೂರ್ಣಾವಧಿ ಮಿಷನರಿಗಳಲ್ಲಿ ಈ ಚೌಕಕ್ಕೆ ನೇಮಕಗೊಂಡವರು. ಬೇರೆ ಕಡೆಗಳಲ್ಲಿ ಬಿಳಿ ಅಂಗಿ, ಟೈ ತೊಟ್ಟ ಹುಡುಗರ ಜೋಡಿಗಳೇ ಹೆಚ್ಚಾಗಿ ಕಾಣುವುದಾದರೂ ಟೆಂಪಲ್ ಸ್ಕ್ವೇರಿಗೆ ನೇಮಕವಾಗುವ ಕಿರಿಯ ಮಿಷನರಿಗಳು ಹುಡುಗಿಯರು ಮಾತ್ರ. ಹಲವು ದೇಶಗಳಿಂದ ಬಂದವರಾದ್ದರಿಂದ ಹಲವು ಭಾಷೆಗಳಲ್ಲಿ ಪ್ರವಾಸ ದೊರೆಯುತ್ತದೆ. ನಮ್ಮೊಂದಿಗೆ ನಡೆದವರಲ್ಲಿ ಒಬ್ಬಳು ಫಿಲಿಪ್ಪೀನ್ಸಿನವಳು, ಇನ್ನೊಬ್ಬಳು ಪಕ್ಕದ ಐಡಹೊ ರಾಜ್ಯದ ರೈತ ಕುಟುಂಬದವಳು.

ಕಟ್ಟಡಗಳ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ಈ ಚೌಕಕ್ಕೆ ಹೆಸರು ತಂದಿರುವ ದೇವಾಲಯ 2019ರ ಡಿಸೆಂಬರ್ ಕೊನೆಯಿಂದ ದುರಸ್ತಿಗಾಗಿ ಮುಚ್ಚಿದೆ. ಚರ್ಚಿನ ಅಂದಿನ ನಾಯಕ ಬ್ರಿಗಮ್ ಯಂಗ್ ನೇತೃತ್ವದಲ್ಲಿ ವಲಸೆಗಾರರ ಮೊದಲ ತಂಡ ಈ ಕಣಿವೆಯನ್ನು ತಲುಪಿದ್ದು 1847ರ ಜುಲೈಯಲ್ಲಿ. ಬಂದ ಕೆಲವೇ ದಿನಗಳಲ್ಲಿ ದೇವಾಲಯದ ಜಾಗವನ್ನು ಗುರುತಿಸಲಾಯಿತು. 1853ರಲ್ಲಿ ಆರಂಭವಾದ ಕೆಲಸ 1893ರಲ್ಲಿ, ಎಂದರೆ 40 ವರ್ಷಗಳ ನಂತರ, ಮುಗಿಯಿತು. ಬೂದು ಬಣ್ಣದ ಕಲ್ಲನ್ನು ಲಿಟಲ್ ಕಾಟನ್‌ವುಡ್ ಕಣಿವೆಯಿಂದ ಮೊದಲು ಎತ್ತಿನ ಗಾಡಿಗಳಲ್ಲಿ, ಆಮೇಲೆ ರೈಲಿನಲ್ಲಿ ತಂದರು. ಈಗಿನ ದುರಸ್ತಿಯ ಮುಖ್ಯ ಉದ್ದೇಶ ಭೂಕಂಪದಿಂದ ರಕ್ಷಣೆ. ಅಡಿಪಾಯದ ಕೆಳಗೆ ಕಂಪನವನ್ನು ಹೀರಿಕೊಳ್ಳುವ ಸಾಧನಗಳನ್ನು ಕೂರಿಸಿ, ಇಡೀ ಕಲ್ಲಿನ ಕಟ್ಟಡವನ್ನು ಅವುಗಳ ಮೇಲೆ ನಿಲ್ಲಿಸುವ ಕೆಲಸವಿದು. ಕೆಲಸ ಶುರುವಾದ ಕೆಲವೇ ತಿಂಗಳಲ್ಲಿ, 2020ರ ಮಾರ್ಚ್ 18ರಂದು, 5.7 ತೀವ್ರತೆಯ ಭೂಕಂಪವಾಗಿ ಗೋಪುರದ ತುದಿಯಲ್ಲಿರುವ ಮೊರೊನಾಯ್ ದೇವದೂತನ ಕೈಯಿಂದ ಚಿನ್ನದ ಬಣ್ಣದ ಕಹಳೆ ಜಾರಿ ಬಿದ್ದಿತು. ಇದನ್ನು ಹೇಳುವಾಗ ಹುಡುಗಿಯರಿಬ್ಬರೂ ನಕ್ಕರು.

ಎದುರು ಬೀದಿಯಲ್ಲಿರುವ ಕಾನ್ಫರೆನ್ಸ್ ಸೆಂಟರಿನ ತಾರಸಿಯಿಂದ ಈ ಎಲ್ಲ ಕಾಮಗಾರಿ ಚೆನ್ನಾಗಿ ಕಾಣುತ್ತದೆ. 2000ದಲ್ಲಿ ತೆರೆದ ಈ ಸಭಾಂಗಣದಲ್ಲಿ 21,000 ಜನ ಕೂರಬಹುದು. ಅಷ್ಟು ದೊಡ್ಡ ಜಾಗದಲ್ಲಿ ನೋಟಕ್ಕೆ ಅಡ್ಡ ಬರುವ ಒಂದು ಕಂಬವೂ ಇಲ್ಲ ಎಂಬುದನ್ನು ಅಮ್ಮ ತುಂಬ ಹೊತ್ತು ನೋಡುತ್ತಾ ನಿಂತಿದ್ದರು. ಆದರೆ ನನಗೆ ಹೆಚ್ಚು ಹಿಡಿಸಿದ್ದು 1867ರ ಟ್ಯಾಬರ್ನಾಕಲ್ ಎಂಬ ಹಳೆಯ ಸಭಾಂಗಣ. ಆಮೆಯ ಬೆನ್ನಿನಂತೆ ಬಾಗಿರುವ ಅದರ ಮಾಡನ್ನು ಹೊತ್ತಿರುವುದು ಮರದ ಜಾಲರಿ. ಕಬ್ಬಿಣ ದುರ್ಲಭವಾಗಿದ್ದ ಆ ಕಾಲದಲ್ಲಿ ಮರದ ಗೂಟಗಳಿಂದ ಜೋಡಿಸಿ, ಸೀಳುಬಿಟ್ಟ ತೊಲೆಗಳಿಗೆ ಹಸಿ ತೊಗಲಿನ ಪಟ್ಟಿಗಳನ್ನು ಬಿಗಿದು ನಿಲ್ಲಿಸಿದ್ದಾರೆ. ಒಳಗಿನ ಆರ್ಗನ್ ವಾದ್ಯಕ್ಕೆ 11,623 ಕೊಳವೆಗಳಿವೆ. ಒಬ್ಬ ಸಿಸ್ಟರ್ ವೇದಿಕೆಯ ಮೇಲೆ ನಿಂತು ಗುಂಡುಸೂಚಿಯನ್ನು ಬೀಳಿಸಿ, ಅದರ ಸದ್ದು ಹಿಂದಿನ ಸಾಲಿನವರೆಗೂ ಕೇಳುವುದನ್ನು ತೋರಿಸುವುದು ಇಲ್ಲಿನ ಹಳೆಯ ಪದ್ಧತಿ. ಈ ಸಭಾಂಗಣದ ಹೆಸರನ್ನೇ ಹೊತ್ತ ಗಾಯಕವೃಂದದ ರೇಡಿಯೊ ಕಾರ್ಯಕ್ರಮ 1929ರಿಂದ ವಾರವಾರವೂ ಪ್ರಸಾರವಾಗುತ್ತಿದೆ. ಅದರ 360 ಗಾಯಕರಲ್ಲಿ ಒಬ್ಬರಿಗೂ ಸಂಬಳವಿಲ್ಲ. ಸಂಬಳವಿಲ್ಲದೆ ದುಡಿಯುವವರನ್ನು ಸಂಘಟಿಸುವುದರಲ್ಲಿ ಈ ಚರ್ಚಿಗೆ ಇರುವ ಕೌಶಲ ನಮ್ಮ ಕನ್ನಡ ಕೂಟಗಳ ಪದಾಧಿಕಾರಿಗಳು ಅಧ್ಯಯನ ಮಾಡಬೇಕಾದ ವಿಷಯ.

ಇಷ್ಟನ್ನು ಯಾವ ಪ್ರವಾಸಿ ಕೈಪಿಡಿಯೂ ಹೇಳಬಲ್ಲದು. ಪ್ರವಾಸದ ನಿಜವಾದ ಸ್ವಾರಸ್ಯ ಶುರುವಾದದ್ದು ಅಮ್ಮ ಕಟ್ಟಡಗಳನ್ನು ಬಿಟ್ಟು ಆ ಹುಡುಗಿಯರ ದಿನಚರಿಯ ಕುರಿತು ಪ್ರಶ್ನೆ ಕೇಳತೊಡಗಿದಾಗ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿದವರಿಗೆ ಇಪ್ಪತ್ತರ ಹುಡುಗಿಯನ್ನು ಕಂಡರೆ ಮೊದಲು ಹೊಳೆಯುವುದು, ಇವಳಿಗೆ ಅಡುಗೆ ಮಾಡಿ ಹಾಕುವವರು ಯಾರು, ಇವಳ ತಾಯಿಗೆ ನಿದ್ದೆ ಬರುತ್ತದೆಯೇ ಎಂಬ ಪ್ರಶ್ನೆಗಳೇ. ಅಮ್ಮನ ಮೈಸೂರು ಇಂಗ್ಲಿಷು ಅವರಿಗೆ ಸಲೀಸಾಗಿ ಅರ್ಥವಾಯಿತು. ಅಡುಗೆಯನ್ನು ತಾವೇ ಸರದಿಯಂತೆ ಮಾಡಿಕೊಳ್ಳುತ್ತೇವೆ, ತಾಯಿಯೊಂದಿಗೆ ವಾರಕ್ಕೊಮ್ಮೆ ಮಾತಾಡುತ್ತೇವೆ ಎಂದು ಅವರು ಉತ್ತರಿಸಿದರು. ಈ ವಾರದ ಕರೆ ಇತ್ತೀಚಿನ ಸೌಲಭ್ಯ. 2019ರ ಫೆಬ್ರುವರಿಯವರೆಗೆ ಮಿಷನರಿಗಳು ಮನೆಯವರ ದನಿಯನ್ನು ಕೇಳುತ್ತಿದ್ದದ್ದು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್ ಮತ್ತು ತಾಯಂದಿರ ದಿನದಂದು. ಉಳಿದಂತೆಲ್ಲ ಪತ್ರ, ಆಮೇಲಾಮೇಲೆ ಇಮೇಲ್.

ಅವರು ವಿವರಿಸಿದ ದಿನಚರಿಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಕೊಡುತ್ತೇನೆ, ಏಕೆಂದರೆ ನಿಮ್ಮ ಮುಂದೆ ನಗುನಗುತ್ತಾ ನಿಂತಿರುವ ಮಾರ್ಗದರ್ಶಿಯ ಹಿಂದೆ ಎಂಥ ಶಿಸ್ತಿದೆ ಎಂಬುದು ತಿಳಿದರೆ ಪ್ರವಾಸವೇ ಬೇರೆಯಾಗಿ ಕಾಣುತ್ತದೆ. ಏಳುವುದು ಬೆಳಿಗ್ಗೆ 6.30ಕ್ಕೆ, ಎದ್ದ ಕೂಡಲೇ ಪ್ರಾರ್ಥನೆ, ಅರ್ಧ ಗಂಟೆ ವ್ಯಾಯಾಮ, ತಿಂಡಿ, ನಂತರ ಧರ್ಮಗ್ರಂಥದ ಅಧ್ಯಯನ. ಅಧ್ಯಯನ ಮೊದಲು ಒಬ್ಬೊಬ್ಬರೇ, ಆಮೇಲೆ ಜೋಡಿಯಾಗಿ. ಹತ್ತರ ಹೊತ್ತಿಗೆ ಕೆಲಸಕ್ಕೆ ಹೊರಟರೆ ರಾತ್ರಿ ಒಂಬತ್ತರ ಸುಮಾರಿಗೆ ಮನೆ, 10.30ಕ್ಕೆ ದೀಪ ಆರಬೇಕು. 2017ರಿಂದ ಈ ವೇಳಾಪಟ್ಟಿಯನ್ನು ಆಯಾ ಊರಿಗೆ ಹೊಂದುವಂತೆ ಸ್ವಲ್ಪ ಸಡಿಲಿಸಿದ್ದಾರೆ. ವಾರದಲ್ಲಿ ಒಂದು ದಿನ ಬಟ್ಟೆ ಒಗೆಯುವುದಕ್ಕೆ, ದಿನಸಿ ತರುವುದಕ್ಕೆ, ಮನೆಗೆ ಬರೆಯುವುದಕ್ಕೆ ಮೀಸಲು. ಅದನ್ನು ಅವರು ಪಿ-ಡೇ ಎನ್ನುತ್ತಾರೆ. ಸಿನಿಮಾ ಇಲ್ಲ, ಟಿವಿ ಇಲ್ಲ, ಪ್ರೇಮ ವ್ಯವಹಾರದ ಮಾತೇ ಇಲ್ಲ. ಹುಡುಗರಿಗೆ ಇದು ಎರಡು ವರ್ಷದ ಸೇವೆ, ಹುಡುಗಿಯರಿಗೆ ಹದಿನೆಂಟು ತಿಂಗಳು. ಹುಡುಗಿಯರ ಕನಿಷ್ಠ ವಯಸ್ಸನ್ನು 2012ರಲ್ಲಿ 21ರಿಂದ 19ಕ್ಕೆ, ಹುಡುಗರದನ್ನು 19ರಿಂದ 18ಕ್ಕೆ ಇಳಿಸಿದ ಮೇಲೆ ಕಾಲೇಜಿನ ಓದನ್ನು ಶುರುಮಾಡುವ ಮೊದಲೇ ಅಥವಾ ನಡುವೆ ನಿಲ್ಲಿಸಿ ಹೊರಡುವ ಹುಡುಗಿಯರ ಸಂಖ್ಯೆ ಬಹಳ ಹೆಚ್ಚಿತು.

ಎಲ್ಲಕ್ಕಿಂತ ಕಠಿಣವಾದ ನಿಯಮ ಯಾವುದೆಂದು ಕೇಳಿದ್ದಕ್ಕೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜೊತೆಗಾತಿಯನ್ನು ಎಂದೂ ಬಿಟ್ಟಿರಬಾರದು ಎಂಬುದೇ ಆ ನಿಯಮ. ಸ್ನಾನಗೃಹದಂಥ ಸಂದರ್ಭಗಳನ್ನು ಬಿಟ್ಟರೆ ಒಬ್ಬಳು ಇನ್ನೊಬ್ಬಳ ಕಣ್ಣಿಗೆ ಕಾಣುವಷ್ಟು, ಕಿವಿಗೆ ಕೇಳುವಷ್ಟು ಹತ್ತಿರದಲ್ಲೇ ಇರಬೇಕು. ಜೊತೆಗಾತಿ ಯಾರೆಂಬುದನ್ನು ತೀರ್ಮಾನಿಸುವವರು ಮಿಷನ್ನಿನ ಮುಖ್ಯಸ್ಥರು. ಸುಮಾರು ಆರು ವಾರಗಳಿಗೊಮ್ಮೆ ಬದಲಾವಣೆಯ ಪಟ್ಟಿ ಬರುತ್ತದೆ, ಹೆಸರಿದ್ದರೆ ಹೊಸ ಜೊತೆ, ಕೆಲವೊಮ್ಮೆ ಹೊಸ ಊರು. ಅಪರಿಚಿತಳೊಬ್ಬಳೊಂದಿಗೆ ಒಂದೇ ಕೋಣೆಯಲ್ಲಿ ಬದುಕುತ್ತಾ, ಅವಳ ಅಡುಗೆಯ ರುಚಿಯನ್ನೂ ಮುನಿಸನ್ನೂ ಸಹಿಸುತ್ತಾ, ಮರುದಿನ ಬೆಳಿಗ್ಗೆ ಅವಳ ಪಕ್ಕದಲ್ಲೇ ನಿಂತು ಅಪರಿಚಿತರಿಗೆ ಪ್ರೀತಿಯ ಕುರಿತು ಬೋಧಿಸುವುದು ತನಗೆ ಬಾಗಿಲು ತಟ್ಟುವುದಕ್ಕಿಂತ ಹೆಚ್ಚು ಕಲಿಸಿದೆ ಎಂದು ಐಡಹೊದವಳು ಹೇಳಿದಳು. ಇದು ಕಂಠಪಾಠದ ಮಾತಾಗಿರಲಿಲ್ಲ ಎಂಬುದು ಫಿಲಿಪ್ಪೀನ್ಸಿನವಳ ಮುಖ ಕೆಂಪೇರಿದ್ದರಿಂದ ತಿಳಿಯಿತು.

ಹೆಸರಿನ ವಿಷಯವೂ ಕುತೂಹಲಕರವಾಗಿದೆ. ಸೇವೆಯ ಅವಧಿಯಲ್ಲಿ ಅಪ್ಪ ಅಮ್ಮ ಇಟ್ಟ ಹೆಸರನ್ನು ಯಾರೂ ಬಳಸುವುದಿಲ್ಲ. ಹುಡುಗರು 'ಎಲ್ಡರ್', ಹುಡುಗಿಯರು 'ಸಿಸ್ಟರ್', ಜೊತೆಗಾತಿಯರು ಪರಸ್ಪರ ಕರೆಯುವುದೂ ಹಾಗೆಯೇ. ಮಾಲೆ ಹಾಕಿದ ಅಯ್ಯಪ್ಪ ಭಕ್ತರನ್ನು ಮನೆಯವರೇ 'ಸ್ವಾಮಿ' ಎಂದು ಕರೆಯುವುದನ್ನು ಕಂಡಿರುವ ಅಮ್ಮನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನಲವತ್ತೊಂದು ದಿನದ ವ್ರತವನ್ನು ಇವರು ಹದಿನೆಂಟು ತಿಂಗಳಿಗೆ ಎಳೆದಿದ್ದಾರೆ ಎಂದು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು.

ಖರ್ಚಿನ ಲೆಕ್ಕ ಕೇಳಿದರೆ ಇನ್ನೂ ಆಶ್ಚರ್ಯವಾಗುತ್ತದೆ. ಈ ಸೇವೆಗೆ ಚರ್ಚು ಸಂಬಳ ಕೊಡುವುದಿಲ್ಲ, ಬದಲಿಗೆ ಮಿಷನರಿಯೇ ಹಣ ಕಟ್ಟಬೇಕು. ಅಮೆರಿಕದವರಿಗೆ 2020ರ ಜುಲೈಯಿಂದ ತಿಂಗಳಿಗೆ 500 ಡಾಲರ್, ಅದಕ್ಕೂ ಮೊದಲು 400 ಇತ್ತು. ಟೋಕಿಯೊಗೆ ಹೋದರೂ ಸಣ್ಣ ಹಳ್ಳಿಗೆ ಹೋದರೂ ಕಟ್ಟುವ ಮೊತ್ತ ಒಂದೇ. ಬಡ ದೇಶಗಳಿಂದ ಬಂದವರು ಕೈಲಾದಷ್ಟು ಕಟ್ಟುತ್ತಾರೆ, ಉಳಿದದ್ದನ್ನು ಸದಸ್ಯರ ದೇಣಿಗೆಯ ನಿಧಿ ತುಂಬುತ್ತದೆ. ಎಲ್ಲಿಗೆ ಹೋಗಬೇಕೆಂಬುದನ್ನು ಆರಿಸಿಕೊಳ್ಳುವ ಅವಕಾಶವೂ ಇಲ್ಲ. ಅರ್ಜಿ, ವೈದ್ಯರ ಮತ್ತು ದಂತವೈದ್ಯರ ತಪಾಸಣೆ, ಸ್ಥಳೀಯ ಧರ್ಮಾಧಿಕಾರಿಗಳ ಸಂದರ್ಶನ ಇವೆಲ್ಲ ಮುಗಿದ ಮೇಲೆ ಚರ್ಚಿನ ಹಿರಿಯ ನಾಯಕರಾದ ಹನ್ನೆರಡು ಅಪೋಸ್ತಲರಲ್ಲಿ ಒಬ್ಬರು ಜಾಗವನ್ನು ನಿಗದಿ ಮಾಡುತ್ತಾರೆ. ಆ ನೇಮಕದ ಪತ್ರವನ್ನು ಮನೆಮಂದಿ, ನೆಂಟರಿಷ್ಟರ ಮುಂದೆ ಓದುವುದು ಒಂದು ಹಬ್ಬ. ನಂತರ ತರಬೇತಿ. ಅತಿ ದೊಡ್ಡ ತರಬೇತಿ ಕೇಂದ್ರ ಇಲ್ಲಿಂದ ದಕ್ಷಿಣಕ್ಕಿರುವ ಪ್ರೊವೊ ಎಂಬ ಊರಿನಲ್ಲಿದ್ದು, ಅಲ್ಲಿ ಹತ್ತಾರು ಭಾಷೆಗಳನ್ನು ಕೆಲವೇ ವಾರಗಳಲ್ಲಿ ಮಾತಾಡುವ ಮಟ್ಟಕ್ಕೆ ಕಲಿಸುತ್ತಾರೆ. ಟೆಂಪಲ್ ಸ್ಕ್ವೇರಿನ ಸಿಸ್ಟರುಗಳು ಸೇವೆಯ ನಡುವೆ ಕೆಲವು ತಿಂಗಳು ಅಮೆರಿಕದ ಬೇರೊಂದು ಊರಿಗೂ ಹೋಗಿ ಬರುತ್ತಾರೆ. ಫಿಲಿಪ್ಪೀನ್ಸಿನವಳು ಹೋಗಿ ಬಂದಿದ್ದಳು; ಅಲ್ಲಿ ಜನ ಬಾಗಿಲನ್ನೇ ತೆರೆಯದಿದ್ದ ದಿನಗಳಿಗೆ ಹೋಲಿಸಿದರೆ, ಜನರೇ ತನ್ನ ಬಳಿಗೆ ಬರುವ ಈ ಚೌಕ ಸ್ವರ್ಗ ಎಂದಳು.

ಊಟ ತಿಂಡಿಯ ಮಾತು ಬಂದಾಗ ಕಾಫಿಯ ಪ್ರಶ್ನೆ ಬರಲೇಬೇಕಿತ್ತು. 1833ರಲ್ಲಿ ಈ ಚರ್ಚಿನ ಸ್ಥಾಪಕ ಜೋಸೆಫ್ ಸ್ಮಿತ್ ಸಾರಿದ ಆರೋಗ್ಯ ನಿಯಮದಂತೆ ಇವರಿಗೆ ಮದ್ಯ, ತಂಬಾಕುಗಳ ಜೊತೆಗೆ ಕಾಫಿ ಮತ್ತು ಚಹಾ ಕೂಡ ನಿಷಿದ್ಧ. ತಂಪು ಕೋಲಾ ನಿಷಿದ್ಧವಲ್ಲ. ಫಿಲ್ಟರ್ ಕಾಫಿಯಿಲ್ಲದೆ ಹದಿನೆಂಟು ತಿಂಗಳಲ್ಲ, ಇಡೀ ಆಯುಷ್ಯವನ್ನು ಕಳೆಯುವ ಜನರಿದ್ದಾರೆಂಬುದು ಅಮ್ಮನಿಗೆ ಈ ಚರ್ಚಿನಲ್ಲಿ ಹಿಂದೆ ಇದ್ದ ಬಹುಪತ್ನಿತ್ವಕ್ಕಿಂತ ದೊಡ್ಡ ಸುದ್ದಿಯಾಯಿತು. ಶುಂಠಿ ಮತ್ತು ಜೀರಿಗೆ ಕಷಾಯವಾದರೆ ಆಗಬಹುದೇ ಎಂದು ವಿಚಾರಿಸಿ, ಆಗಬಹುದೆಂಬ ಉತ್ತರ ಪಡೆದು, ಅದನ್ನು ಮಾಡುವ ವಿಧಾನವನ್ನು ಅಲ್ಲೇ ಬರೆಸಿಕೊಟ್ಟರು.

ಇನ್ನು ಶ್ರದ್ಧೆಯ ಭಾಗ. ಪ್ರವಾಸದ ಪ್ರತಿ ನಿಲುಗಡೆಯಲ್ಲೂ ಇತಿಹಾಸದ ನಾಲ್ಕು ಮಾತು ಮುಗಿದ ಕೂಡಲೇ ಇಬ್ಬರಲ್ಲಿ ಒಬ್ಬರು ತಮ್ಮ ಸ್ವಂತ ನಂಬಿಕೆಯನ್ನು ಸಾಕ್ಷಿಯಂತೆ ಹೇಳುತ್ತಾರೆ. ನ್ಯೂಯಾರ್ಕ್ ರಾಜ್ಯದ ಹದಿಹರೆಯದ ಹುಡುಗ ಜೋಸೆಫ್ ಸ್ಮಿತ್‌ಗೆ 1820ರಲ್ಲಿ ತೋಪಿನ ನಡುವೆ ದೇವರ ದರ್ಶನವಾಯಿತು, ಚಿನ್ನದ ತಗಡುಗಳ ಮೇಲಿದ್ದ ಗ್ರಂಥವನ್ನು ಅವನು ಅನುವಾದಿಸಿ 1830ರಲ್ಲಿ ಅಚ್ಚು ಹಾಕಿಸಿದ, ಅದೇ ವರ್ಷ ಏಪ್ರಿಲ್ 6ರಂದು ಚರ್ಚು ಸ್ಥಾಪಿಸಿದ, 1844ರಲ್ಲಿ ಇಲಿನಾಯ್‌ನ ಸೆರೆಮನೆಯೊಂದರಲ್ಲಿ ಗುಂಪಿನ ಗುಂಡಿಗೆ ಬಲಿಯಾದ ಎಂಬ ಕಥನವನ್ನು ಅವರು ಚೆನ್ನಾಗಿ ಹೇಳುತ್ತಾರೆ. ಈ ಭಾಗ ಪೂರ್ವಸಿದ್ಧವಾದದ್ದು, ದಿನಕ್ಕೆ ಹಲವು ಸಲ ಹೇಳಿ ನಯವಾಗಿರುವಂಥದ್ದು. ಸುಮ್ಮನೆ ಕೇಳುತ್ತಾ ಹೋದರೆ ಒಂದು ನಿಲುಗಡೆ ಇನ್ನೊಂದರಂತೆಯೇ ಅನಿಸಬಹುದು. ಮಧ್ಯೆ ಪ್ರಶ್ನೆ ಕೇಳಿದರೆ ಮಾತ್ರ ಅವರ ಒಳಗಿನ ಮಾತು ಹೊರಬರುತ್ತದೆ. ನಿನಗೆ ಇದು ಸತ್ಯವೆಂದು ಹೇಗೆ ತಿಳಿಯಿತು ಎಂದು ನಾನು ಕೇಳಿದೆ. ಅಜ್ಜಿಯ ಕಾಲದಿಂದ ಮನೆಯಲ್ಲಿದ್ದ ಧರ್ಮವಾದರೂ ಹದಿನೇಳರಲ್ಲಿ ತಾನೇ ಗ್ರಂಥವನ್ನು ಓದಿ, ದೇವರನ್ನೇ ಕೇಳಿದೆ ಎಂದು ಫಿಲಿಪ್ಪೀನ್ಸಿನವಳು ಹೇಳಿದಳು. ಬೆಳಕು, ದನಿ ಏನೂ ಇರಲಿಲ್ಲ. ಮನಸ್ಸು ತಿಳಿಯಾಯಿತು, ಅದನ್ನೇ ಉತ್ತರವೆಂದು ತಿಳಿದೆ. ಮನೆಯ ನೆನಪು ಕಾಡಿದ ಮೊದಲ ವಾರಗಳಲ್ಲಿ ಆ ತಿಳಿವು ಇದ್ದಿತೇ ಎಂದು ಮತ್ತೆ ಕೇಳಿದಾಗ, ಕೆಲವು ದಿನ ಇರಲಿಲ್ಲ, ಆದರೂ 6.30ಕ್ಕೆ ಎದ್ದೆ ಎಂದಳು. ಅವಳ ದೇವರ ಕಲ್ಪನೆಯಲ್ಲಿ ನನಗೆ ಪಾಲಿಲ್ಲದಿದ್ದರೂ ಈ ಉತ್ತರಕ್ಕೆ ಮರುಮಾತು ಹೊಳೆಯಲಿಲ್ಲ.

ಕನ್ನಡದ ಓದುಗರ ಮನಸ್ಸಿನಲ್ಲಿರುವ ಮಿಷನರಿಯ ಚಿತ್ರ ಬೇರೆ ಬಗೆಯದು. 1853ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಬಂದು, 1894ರಲ್ಲಿ ನಿಘಂಟು ಪ್ರಕಟವಾಗುವವರೆಗೂ ಕನ್ನಡದ ಪದಗಳ ಬೆನ್ನು ಹತ್ತಿದ ಕಿಟ್ಟೆಲ್, ಮಂಗಳೂರಿನಲ್ಲಿ ಪತ್ರಿಕೆ ಹೊರಡಿಸಿದ ಮೋಗ್ಲಿಂಗ್ ಇವರೆಲ್ಲ ಪ್ರೌಢ ವಿದ್ವಾಂಸರು, ದಶಕಗಳನ್ನೇ ಇದಕ್ಕೆ ಸವೆಸಿದವರು. ಇಲ್ಲಿನವರು ಕಾಲೇಜು ಹುಡುಗಿಯರು. ಅವಧಿ ಮುಗಿದ ಮೇಲೆ ಒಬ್ಬಳು ನರ್ಸಿಂಗ್ ಓದುವವಳು, ಇನ್ನೊಬ್ಬಳು ಲೆಕ್ಕಪತ್ರ. ವಿದ್ವತ್ತಿನ ಚರ್ಚೆಯನ್ನು ಇವರಿಂದ ಬಯಸುವುದು ಸರಿಯಲ್ಲ. ಬಹುಪತ್ನಿತ್ವವನ್ನು ಚರ್ಚು 1890ರಲ್ಲಿ ಕೈಬಿಡುವುದಾಗಿ ಘೋಷಿಸಿದ್ದು, ಕಪ್ಪು ಜನಾಂಗದ ಪುರುಷರಿಗೆ ಪೌರೋಹಿತ್ಯವನ್ನು ಕೊಟ್ಟದ್ದು 1978ರಲ್ಲಿ ಮಾತ್ರ, ಇಂಥ ವಿಷಯಗಳು ಪ್ರವಾಸದ ನಿರೂಪಣೆಯಲ್ಲಿ ಇಲ್ಲ. ಕೇಳಿದರೆ ಹುಡುಗಿಯರು ಸಿಡುಕುವುದಿಲ್ಲ, ಚಿಕ್ಕದಾಗಿ ಉತ್ತರಿಸಿ ಪಕ್ಕದ ಇತಿಹಾಸ ಸಂಗ್ರಹಾಲಯಕ್ಕೆ ಹೋಗಿ ನೋಡಲು ಹೇಳುತ್ತಾರೆ. ಅದೂ ಉಚಿತ. 2015ರಲ್ಲಿ ಹೊಸದಾಗಿ ರೂಪಿಸಿದ ಅದರ ಪ್ರದರ್ಶನದಲ್ಲಿ ಬಹುಪತ್ನಿತ್ವದ ಪ್ರಸ್ತಾಪವಿದೆ. ಇತಿಹಾಸದಲ್ಲಿ ಆಸಕ್ತಿಯಿರುವವರು ಈ ಎರಡನ್ನೂ ಜೋಡಿಸಿಕೊಂಡು ನೋಡಬೇಕು. ಒಂದೇ ಸಾಕೆಂದರೆ ಅರ್ಧ ಕಥೆ ಮಾತ್ರ ದಕ್ಕುತ್ತದೆ.

ಹಾಗಾದರೆ ಇದು ಮತಪ್ರಚಾರವಲ್ಲವೇ ಎಂದು ಕೇಳುವವರಿಗೆ ಉತ್ತರ, ಹೌದು, ಮತಪ್ರಚಾರವೇ. ಎದೆಯ ಬಿಲ್ಲೆಯ ಮೇಲೆಯೇ ಅದನ್ನು ಬರೆದುಕೊಂಡಿರುವುದರಿಂದ ಮುಚ್ಚುಮರೆ ಏನೂ ಇಲ್ಲ. ಪ್ರವಾಸದ ಕೊನೆಯಲ್ಲಿ ಹೆಚ್ಚಿನ ಮಾಹಿತಿ ಬೇಕೇ, ನಿಮ್ಮ ಊರಿನ ಮಿಷನರಿಗಳು ನಿಮ್ಮನ್ನು ಭೇಟಿಯಾಗಬಹುದೇ ಎಂದು ಕೇಳುವುದುಂಟು. ಬೇಡವೆಂದು ನಗುತ್ತಲೇ ಹೇಳಿದರೆ ಅಲ್ಲಿಗೆ ಮುಗಿಯಿತು. ಸಂಕೋಚದಿಂದ ಫೋನ್ ಸಂಖ್ಯೆ ಕೊಟ್ಟು ಆಮೇಲೆ ಕರೆ ಸ್ವೀಕರಿಸದಿರುವ ನಮ್ಮ ಮಂದಿಯ ಅಭ್ಯಾಸ ಇಲ್ಲಿ ಬೇಡ, ಏಕೆಂದರೆ ಆ ಕರೆಯನ್ನು ಮಾಡುವವರೂ ಇಂಥವರೇ ಇನ್ನಿಬ್ಬರು ಮಕ್ಕಳು.

ಸಮಯವಿದ್ದರೆ ಪಶ್ಚಿಮದ ಬೀದಿ ದಾಟಿ ಫ್ಯಾಮಿಲಿ ಸರ್ಚ್ ಗ್ರಂಥಾಲಯಕ್ಕೂ ಹೋಗಿ ಬನ್ನಿ. ಸತ್ತ ಪೂರ್ವಜರ ಪರವಾಗಿಯೂ ದೇವಾಲಯದಲ್ಲಿ ದೀಕ್ಷೆ ನಡೆಸಬಹುದೆಂಬ ನಂಬಿಕೆಯಿಂದ ವಂಶಾವಳಿಯ ಸಂಗ್ರಹ ಇವರಿಗೆ ಧರ್ಮಕಾರ್ಯವಾಗಿದೆ. 1894ರಲ್ಲಿ ಆರಂಭವಾದ ಈ ಸಂಗ್ರಹದಲ್ಲಿ ಹರಿದ್ವಾರದ ಪಂಡರ ವಂಶಾವಳಿ ಪುಸ್ತಕಗಳ ಮೈಕ್ರೋಫಿಲ್ಮ್ ಕೂಡ ಸೇರಿದೆ. ಪ್ರವೇಶ ಎಲ್ಲರಿಗೂ ಉಚಿತ, ಸಹಾಯಕ್ಕೆ ಇಲ್ಲಿಯೂ ಸ್ವಯಂಸೇವಕರಿರುತ್ತಾರೆ.

ವ್ಯವಹಾರದ ಕೆಲವು ಮಾತುಗಳು. ವಿಮಾನ ನಿಲ್ದಾಣದಿಂದ ಟ್ರ್ಯಾಕ್ಸ್ ರೈಲಿನ ಹಸಿರು ಮಾರ್ಗ ನೇರವಾಗಿ ಪೇಟೆಯ ನಡುವಿಗೆ ಬರುತ್ತದೆ. ಟೆಂಪಲ್ ಸ್ಕ್ವೇರ್ ಎಂಬ ಹೆಸರಿನ ನಿಲ್ದಾಣವೇ ಇದೆ, ಕಾರು ಬೇಕಿಲ್ಲ. ಭಾನುವಾರ ಹೋದರೆ ಎದುರಿನ ಸಿಟಿ ಕ್ರೀಕ್ ಮಳಿಗೆಗಳು ಮುಚ್ಚಿರುತ್ತವೆ, ಆದ್ದರಿಂದ ಊಟದ ವ್ಯವಸ್ಥೆಯನ್ನು ಮೊದಲೇ ಯೋಚಿಸಿಕೊಳ್ಳಬೇಕು. ವಯಸ್ಸಾದವರೊಂದಿಗೆ ಹೋಗುವವರು ಬೇಸಿಗೆಯ ನಡುಮಧ್ಯಾಹ್ನವನ್ನು ತಪ್ಪಿಸಿ ಬೆಳಿಗ್ಗೆಯೇ ಹೋಗುವುದು ಒಳ್ಳೆಯದು; ಊರು ಸಮುದ್ರಮಟ್ಟದಿಂದ 4,200 ಅಡಿಗೂ ಎತ್ತರದಲ್ಲಿದೆ, ಗಾಳಿ ಒಣಗಿದ್ದು ಬಾಯಾರಿಕೆ ಬೇಗ ಆಗುತ್ತದೆ. ಕಾಮಗಾರಿ ನಡೆದಿರುವಷ್ಟು ದಿನ ಯಾವ ಕಟ್ಟಡ ತೆರೆದಿರುತ್ತದೆ ಎಂಬುದು ಬದಲಾಗುತ್ತಿರುವುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

ಪ್ರತಿಷ್ಠಾಪನೆಯಾದ ಮಾರ್ಮನ್ ದೇವಾಲಯಗಳ ಒಳಗೆ ಅರ್ಹ ಸದಸ್ಯರಲ್ಲದವರಿಗೆ ಪ್ರವೇಶವಿಲ್ಲ. ಹೊಸದಾಗಿ ಕಟ್ಟಿದಾಗ ಅಥವಾ ದೊಡ್ಡ ದುರಸ್ತಿ ಮುಗಿದಾಗ, ಪ್ರತಿಷ್ಠಾಪನೆಗೆ ಮುಂಚೆ ಕೆಲವು ಕಾಲ ಎಲ್ಲರಿಗೂ ತೆರೆದಿಡುವುದು ಪದ್ಧತಿ. ಸಾಲ್ಟ್ ಲೇಕ್ ದೇವಾಲಯವನ್ನು 2027ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹಾಗೆ ತೆರೆದಿಡುವುದಾಗಿ ಚರ್ಚು ಪ್ರಕಟಿಸಿದೆ. ಯೆಲ್ಲೊಸ್ಟೋನ್ ಪ್ರವಾಸವನ್ನು ಮುಂದೂಡಲು ಸಾಧ್ಯವಿದ್ದವರು ಆ ವರ್ಷಕ್ಕೆ ಇಟ್ಟುಕೊಳ್ಳಬಹುದು. ಅಮೆರಿಕಕ್ಕೆ ಬರುವ ಆಲೋಚನೆ ಇಲ್ಲದವರಿಗೂ ದಾರಿಯುಂಟು. 1993ರಿಂದ ಈ ಚರ್ಚಿನ ಮಿಷನ್ ಕಚೇರಿಯಿರುವ ಬೆಂಗಳೂರಿನಲ್ಲಿ ಭಾರತದ ಮೊದಲ ಮಾರ್ಮನ್ ದೇವಾಲಯವನ್ನು ಕಟ್ಟುವುದಾಗಿ 2018ರಲ್ಲಿ ಘೋಷಿಸಿ, 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಯಂಥ ವಿಧಿಯೊಂದಿಗೆ ಕೆಲಸ ಆರಂಭಿಸಿದ್ದಾರೆ. ಅದರ ಬಾಗಿಲೂ ಪ್ರತಿಷ್ಠಾಪನೆಗೆ ಮುನ್ನ ಸಾರ್ವಜನಿಕರಿಗೆ ತೆರೆಯಲಿದೆಯಂತೆ. ಈ ಸುದ್ದಿಯನ್ನು ನಮಗೆ ಕೊಟ್ಟವಳು ಐಡಹೊದ ಹುಡುಗಿ. ಅಮ್ಮ ಮೈಸೂರಿನಿಂದ ರೈಲು ಹಿಡಿದು ಬಂದು ನೋಡುವುದಾಗಿ ಅವಳಿಗೆ ಮಾತು ಕೊಟ್ಟಿದ್ದಾರೆ.